ಎಡಕ್ಕೆ ತಿರುಗಿಸಿದರೆ ಎಂಜಿನ್ ಕುಸಿಯುತ್ತಿದ್ದ ವೀಲ್ ಲೋಡರ್: ಕ್ಯಾನ್ ಲೈನ್ ದೋಷ ಹುಡುಕಿದ ಬಗೆ

ಯಂತ್ರ ಒಂದು ವೀಲ್ ಲೋಡರ್. ನಡು ಬಾಗಿ ತಿರುಗುವ ಜಾತಿಯದು. ಮುಂದಿನ ಫ್ರೇಮ್‌ನಲ್ಲಿ ಬಕೆಟ್, ಹಿಂದಿನ ಫ್ರೇಮ್‌ನಲ್ಲಿ ಎಂಜಿನ್, ಗೇರ್‌ಬಾಕ್ಸ್ ಮತ್ತು ಕ್ಯಾಬಿನ್. ಎರಡನ್ನೂ ಸೇರಿಸುವುದು ನಡುವಿನ ದಪ್ಪ ಪಿನ್ನುಗಳು. ದೂರು ಹೀಗಿತ್ತು: ಕೆಲಸ ಮಾಡುತ್ತಿರುವಾಗ ಮಾನಿಟರಿನ ಮುಳ್ಳುಗಳೆಲ್ಲ ಒಮ್ಮೆಗೇ ಸೊನ್ನೆಗೆ ಬೀಳುತ್ತವೆ, ಎಂಜಿನ್ ಐಡಲ್‌ಗೆ ಇಳಿಯುತ್ತದೆ, ಗೇರ್ ನ್ಯೂಟ್ರಲ್ ಆಗುತ್ತದೆ. ಒಂದೆರಡು ಸೆಕೆಂಡಿನಲ್ಲಿ ಎಲ್ಲ ಮತ್ತೆ ಸರಿ. ಒಂದು ಗಂಟೆ ಏನೂ ಆಗುವುದಿಲ್ಲ, ಆಮೇಲೆ ಹತ್ತು ನಿಮಿಷದಲ್ಲಿ ನಾಲ್ಕು ಸಲ.

ಇದನ್ನು ಸಣ್ಣ ತೊಂದರೆ ಅಂತ ಬಿಡುವ ಹಾಗಿಲ್ಲ. ಬಕೆಟ್ ತುಂಬಾ ಕಲ್ಲು, ಬೂಮ್ ಮೇಲಿದೆ, ಯಂತ್ರ ಇಳಿಜಾರಿನಲ್ಲಿದೆ ಅಂದಾಗ ಗೇರ್ ತಾನಾಗಿ ನ್ಯೂಟ್ರಲ್ ಆದರೆ ಮುಂದಿರುವ ಮನುಷ್ಯನ ಗತಿ ಏನು? ಅದಕ್ಕೇ ದೋಷ ಸಿಗುವವರೆಗೆ ಕೆಲಸಕ್ಕೆ ಬಿಡಬೇಡಿ ಅಂತ ಮೊದಲೇ ಹೇಳಿ ಯಂತ್ರ ನಿಲ್ಲಿಸಿದೆವು. ನನಗಿಂತ ಮುಂಚೆ ನೋಡಿದವರು ಮಾನಿಟರ್ ಬದಲಿಸಿದ್ದರು, ಎಂಜಿನ್ ಕಂಟ್ರೋಲರನ್ನೂ, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್ ಪೆಟ್ಟಿಗೆಯನ್ನೂ, ಬದಲಿಸಿದ್ದರು. ದೋಷ ಅಲ್ಲೇ ಇತ್ತು.

ಕೋಡ್‌ಗಳು ಏನು ಹೇಳುತ್ತಿದ್ದವು

ಸ್ಕ್ಯಾನರ್ ಹಾಕಿದರೆ ಕೋಡ್‌ಗಳ ದೊಡ್ಡ ಪಟ್ಟಿ. ಎಂಜಿನ್ ಕಂಟ್ರೋಲರ್: ವೇಗದ ಆದೇಶ ಬರುತ್ತಿಲ್ಲ. ಗೇರ್‌ಬಾಕ್ಸ್ ಕಂಟ್ರೋಲರ್: ಎಂಜಿನ್ ವೇಗದ ಸಂದೇಶ ಬರುತ್ತಿಲ್ಲ. ಮಾನಿಟರ್: ಎಂಜಿನ್ನೂ ಇಲ್ಲ, ಗೇರ್‌ಬಾಕ್ಸೂ ಇಲ್ಲ. ಮುಂದಿನ ಫ್ರೇಮ್‌ನಲ್ಲಿರುವ ವಾಲ್ವ್ ಕಂಟ್ರೋಲರ್: ಜಾಯ್‌ಸ್ಟಿಕ್ ಸಂದೇಶ ಇಲ್ಲ. ಎಲ್ಲದರ ಕೊನೆಯಲ್ಲೂ ಎಫ್‌ಎಂಐ 9, ಅಂದರೆ ಬರಬೇಕಾದ ಹೊತ್ತಿಗೆ ಸಂದೇಶ ಬರಲಿಲ್ಲ ಅಂತ. ಜೊತೆಗೆ ಎಸ್‌ಪಿಎನ್ 639, ಇದು ಜೆ1939 ನೆಟ್‌ವರ್ಕಿನ, ಅಂದರೆ ಕಂಟ್ರೋಲರ್‌ಗಳು ಒಂದಕ್ಕೊಂದು ಸಂದೇಶ ಕಳಿಸುವ ಜಾಲದ ಮೇಲಿನ ದೂರು.

ಈ ಕೋಡ್‌ಗಳನ್ನು ಓದುವಾಗ ಒಂದು ಮಾತು ನೆನಪಿಡಬೇಕು. ಯಾರು ಮಾತಾಡಲಿಲ್ಲ ಅನ್ನುವುದನ್ನು ಅವು ಹೇಳುವುದಿಲ್ಲ. ಯಾರಿಗೆ ಕೇಳಿಸಲಿಲ್ಲ ಅನ್ನುವುದನ್ನು ಮಾತ್ರ ಹೇಳುತ್ತವೆ. ಫೋನ್ ಲೈನ್ ಕಟ್ಟಾದರೆ ಎರಡೂ ಕಡೆಯವರು "ಆ ಕಡೆಯವರು ಮಾತಾಡ್ತಿಲ್ಲ" ಅಂತಲೇ ದೂರುತ್ತಾರೆ ಅಲ್ವಾ, ಹಾಗೆ. ಗೇರ್‌ಬಾಕ್ಸ್ ಕಂಟ್ರೋಲರ್ "ಎಂಜಿನ್ ಸಂದೇಶ ಇಲ್ಲ" ಅಂದ ಮಾತ್ರಕ್ಕೆ ಎಂಜಿನ್ ಕಂಟ್ರೋಲರ್ ಕೆಟ್ಟಿದೆ ಅಂತ ಅಲ್ಲ. ಸಾವಿರಾರು ಗಂಟೆ ಓಡಿದ ಒಳ್ಳೇ ಕಂಟ್ರೋಲರ್‌ಗಳು ಈ ಒಂದು ತಪ್ಪು ಅರ್ಥದಿಂದ ಗುಜರಿ ಸೇರುತ್ತವೆ. ನನಗೆ ಅದನ್ನು ನೋಡಿದರೆ ನಿಜವಾಗಿ ಸಂಕಟವಾಗುತ್ತದೆ.

ಹಾಗಾಗಿ ಕಾಗದದ ಮೇಲೆ ಒಂದು ಪಟ್ಟಿ ಮಾಡಿದೆ. ಎಡಗಡೆ ದೂರು ಕೊಟ್ಟವರು, ಬಲಗಡೆ ಯಾರ ಮೇಲೆ ದೂರು. ಎಲ್ಲರ ದೂರೂ ಒಬ್ಬರ ಮೇಲೇ ಇದ್ದರೆ ಆ ಕಂಟ್ರೋಲರ್, ಅದರ ಕರೆಂಟು, ಅದರ ಕವಲು ವೈರ್ ನೋಡಬೇಕು. ಒಬ್ಬರೇ ಎಲ್ಲರ ಮೇಲೂ ದೂರುತ್ತಿದ್ದರೆ ಆ ಒಬ್ಬರಿಗೇ ಕೇಳಿಸುತ್ತಿಲ್ಲ. ಇಲ್ಲಿ ಎಲ್ಲರೂ ಎಲ್ಲರ ಮೇಲೆ ದೂರುತ್ತಿದ್ದರು, ಅದೂ ಗಂಟೆ ಮೀಟರಿನ ಅದೇ ಅಂಕೆಯಲ್ಲಿ. ಅಂದರೆ ಎಲ್ಲರೂ ಹಂಚಿಕೊಳ್ಳುವ ಯಾವುದೋ ಒಂದು ವಸ್ತು ಒಮ್ಮೆಗೇ ಸಾಯುತ್ತಿದೆ. ಹಂಚಿಕೊಳ್ಳುವುದು ಮೂರೇ: 24 ವೋಲ್ಟ್ ಸಪ್ಲೈ, ಅರ್ತ್, ಆ ಸಂದೇಶಗಳು ಓಡಾಡುವ ಕ್ಯಾನ್‌ನ ಎರಡು ವೈರ್.

ಸಪ್ಲೈ ಮತ್ತು ಅರ್ತ್ ಬೇಗ ಮುಗಿಯಿತು. ಎಂಜಿನ್ ಓಡುತ್ತಿರುವಾಗ ಪ್ರತಿ ಕಂಟ್ರೋಲರ್ ಹತ್ತಿರ ವೋಲ್ಟೇಜ್ ನೋಡಿದೆ, ಬ್ಯಾಟರಿ ಮೈನಸ್‌ನಿಂದ ಕಂಟ್ರೋಲರ್ ಅರ್ತ್ ಪಿನ್‌ವರೆಗೆ ಎಷ್ಟು ಬೀಳುತ್ತದೆ ನೋಡಿದೆ. ಎಲ್ಲ ಚೆನ್ನಾಗಿತ್ತು. ದೋಷ ಬಂದ ಹೊತ್ತಿನಲ್ಲೂ ಮಾನಿಟರಿನ ದೀಪ ಆರುತ್ತಿರಲಿಲ್ಲ, ಮುಳ್ಳು ಮಾತ್ರ ಬೀಳುತ್ತಿತ್ತು. ಅಲ್ಲಿಗೆ ಕರೆಂಟಿನ ಮೇಲಿನ ಅನುಮಾನ ಹೋಯಿತು.

60 ಬರಬೇಕಾದಲ್ಲಿ 40

ಕ್ಯಾನ್ ಅನ್ನುವುದು ಬಾಷ್ ಕಂಪನಿ ಕಾರುಗಳಿಗಾಗಿ ಮಾಡಿದ ವ್ಯವಸ್ಥೆ. 1986ರಲ್ಲಿ ಹೊರಗೆ ಬಂತು. ಭಾರಿ ಯಂತ್ರಗಳಲ್ಲಿ ಅದರ ಮೇಲೆ ಓಡುವ ಭಾಷೆ ಜೆ1939. ಹೆಣೆದ ಎರಡು ವೈರ್: ಹಳದಿ ಕ್ಯಾನ್ ಹೈ, ಹಸಿರು ಕ್ಯಾನ್ ಲೋ. ಮುಖ್ಯ ಲೈನಿನ ಎರಡೂ ತುದಿಯಲ್ಲಿ 120 ಓಮ್‌ನ ಒಂದೊಂದು ಟರ್ಮಿನೇಟರ್, ಅಂದರೆ ಹೈ-ಲೋ ನಡುವೆ ಕೂರಿಸುವ ರೆಸಿಸ್ಟರ್. ಎರಡೂ ಪ್ಯಾರಲಲ್ ಆಗಿರುವುದರಿಂದ ಎಲ್ಲಿ ಅಳೆದರೂ ಹೈ-ಲೋ ನಡುವೆ 60 ಓಮ್ ಆಸುಪಾಸು ಬರಬೇಕು. 120 ಬಂದರೆ ಒಂದು ತುದಿ ಕಳಚಿದೆ. ಸೊನ್ನೆ ಹತ್ತಿರ ಬಂದರೆ ಎರಡು ವೈರ್ ಒಂದಕ್ಕೊಂದು ತಾಗಿವೆ.

ಕ್ಯಾಬಿನ್‌ನಲ್ಲಿ ಒಂಬತ್ತು ಪಿನ್ನಿನ ಡಯಾಗ್ನೋಸ್ಟಿಕ್ ಕನೆಕ್ಟರ್ ಇರುತ್ತದಲ್ಲ, ಅದರಲ್ಲಿ ಸಿ ಪಿನ್ ಹೈ, ಡಿ ಪಿನ್ ಲೋ. ಕೀ ಆಫ್ ಮಾಡಿ, ಬ್ಯಾಟರಿ ಐಸೊಲೇಟರ್ ತೆಗೆದು, ಕಂಟ್ರೋಲರ್‌ಗಳು ಪೂರ್ತಿ ಮಲಗುವವರೆಗೆ ಕಾದು ಅಳೆದೆ. ಲೈನಿನಲ್ಲಿ ಕರೆಂಟು ಇರುವಾಗ ಓಮ್ ಅಳೆದರೆ ಬರುವ ಅಂಕೆಗೆ ಅರ್ಥವೇ ಇಲ್ಲ. ಮೀಟರಿನಲ್ಲಿ ಬಂದದ್ದು 40.

40 ಅಂದರೆ ಮೂರು ಟರ್ಮಿನೇಟರ್. ಯಂತ್ರದ ಕಂಪನಿ ಎರಡೇ ಹಾಕಿರುತ್ತದೆ. ಮೂರನೆಯದು ಆಮೇಲೆ ಬಂದದ್ದು. ಸೀಟಿನ ಹಿಂದಿನ ಮುಚ್ಚಳ ತೆಗೆದರೆ ಸಿಕ್ಕಿತು: ನಂತರ ಹಾಕಿಸಿದ ಟ್ರ್ಯಾಕರ್ ಪೆಟ್ಟಿಗೆ. ಕ್ಯಾನ್ ವೈರ್‌ಗೆ ಚಿಟಿಕೆ ಜಾಯಿಂಟ್ ಒತ್ತಿ, ಉದ್ದ ವೈರ್ ಎಳೆದು ಕೊಟ್ಟಿದ್ದರು. ಪೆಟ್ಟಿಗೆಯೊಳಗೇ 120 ಓಮ್ ರೆಸಿಸ್ಟರ್. ಅದರ ಪ್ಲಗ್ ಕಳಚಿದ ತಕ್ಷಣ ಮೀಟರ್ 60 ತೋರಿಸಿತು.

ಇಲ್ಲಿ ತುಂಬಾ ಜನ ನಿಲ್ಲಿಸಿಬಿಡುತ್ತಾರೆ. ತಪ್ಪು ಸಿಕ್ಕಿತು, ಸರಿಮಾಡಿದೆವು, ಯಂತ್ರ ಕಳಿಸಿದೆವು. ಆದರೆ ಮೂರನೇ ಟರ್ಮಿನೇಟರ್ ಯಾವಾಗಲೂ ಇರುತ್ತದೆ, ದೋಷ ಯಾವಾಗಲೋ ಒಮ್ಮೆ ಬರುತ್ತದೆ. ಸಿಗ್ನಲ್ ಸ್ವಲ್ಪ ಸಣ್ಣದಾಗುತ್ತದೆ ನಿಜ, ಆದರೆ 250 ಕಿಲೋಬಿಟ್ ವೇಗದಲ್ಲಿ 40 ಓಮ್ ಲೈನ್ ಸಾಮಾನ್ಯವಾಗಿ ಓಡುತ್ತದೆ. ಎಲ್ಲರೂ ಒಂದೇ ಕ್ಷಣದಲ್ಲಿ ಕಿವುಡಾಗುವಂಥ ದೂರಿಗೆ ಇದು ಉತ್ತರ ಅಲ್ಲ. ಸಿಕ್ಕಿದ ತಪ್ಪು ಬೇರೆ, ಹುಡುಕುತ್ತಿರುವ ತಪ್ಪು ಬೇರೆ. ಎರಡನ್ನೂ ಬೇರೆ ಬೇರೆ ಬರೆದಿಟ್ಟುಕೊಂಡು ಮುಂದೆ ಹೋದೆ.

ಕೀ ಆನ್ ಮಾಡಿ ವೋಲ್ಟೇಜ್ ನೋಡಿದೆ. ಹೈ ವೈರ್‌ನಿಂದ ಅರ್ತ್‌ಗೆ 2.7 ವೋಲ್ಟ್, ಲೋ ವೈರ್‌ನಿಂದ 2.3. ಸಂದೇಶ ಇಲ್ಲದಾಗ ಎರಡೂ 2.5ರಲ್ಲಿ ಕೂತಿರುತ್ತವೆ. ಸಂದೇಶ ಬಂದಾಗ ಹೈ 3.5ಕ್ಕೆ ಏರುತ್ತದೆ, ಲೋ 1.5ಕ್ಕೆ ಇಳಿಯುತ್ತದೆ. ಮೀಟರಿಗೆ ಆ ವೇಗ ಹಿಡಿಯಲು ಆಗುವುದಿಲ್ಲ, ಸರಾಸರಿ ತೋರಿಸುತ್ತದೆ. ಎರಡನ್ನೂ ಕೂಡಿಸಿದರೆ 5ರ ಹತ್ತಿರ ಬಂದರೆ ಆ ಕ್ಷಣಕ್ಕೆ ಲೈನ್ ಆರೋಗ್ಯವಾಗಿದೆ ಅಂತ. ಯಂತ್ರ ಸುಮ್ನೆ ನೆಟ್ಟಗೆ ನಿಂತಿದ್ದಾಗ ಎಲ್ಲವೂ ಆರೋಗ್ಯವಾಗಿತ್ತು. ಕೆಲಸ ಮಾಡುವಾಗ ಕೆಡುವ ಯಂತ್ರವನ್ನು ನಿಲ್ಲಿಸಿ ಅಳೆದರೆ ಇನ್ನೇನು ಬರುತ್ತದೆ?

ಆಪರೇಟರ್ ಹೇಳಿದ ಮಾತು

"ಅಣ್ಣ, ಯಾವ ಕೆಲಸ ಮಾಡುವಾಗ ಆಗುತ್ತೆ? ಬಕೆಟ್ ಎತ್ತುವಾಗಲಾ, ಹಿಂದೆ ಬರುವಾಗಲಾ?" ಅಂತ ಆಪರೇಟರನ್ನು ಕೇಳಿದೆ.

"ಗುಡ್ಡೆಯಿಂದ ತುಂಬ್ಕೊಂಡು ಲಾರಿ ಕಡೆ ತಿರುಗಿಸ್ತೀನಲ್ಲ ಸರ್, ಆವಾಗ ಜಾಸ್ತಿ."

"ಲಾರಿ ಯಾವ ಕಡೆ ನಿಲ್ಲುತ್ತೆ?"

"ಯಾವಾಗಲೂ ಎಡಗಡೆ."

ಲಾರಿ ಬಲಗಡೆ ನಿಂತ ದಿನ ಏನಾಯಿತು ಅಂತ ಕೇಳಿದೆ. ಸ್ವಲ್ಪ ಯೋಚಿಸಿ, ಆವತ್ತು ಏನೂ ಆಗಿರಲಿಲ್ಲ ಅಂದರು. ಇದನ್ನು ಅವರ ಹತ್ತಿರ ಮುಂಚೆ ಯಾರೂ ಕೇಳಿರಲಿಲ್ಲ. ದಿನವಿಡೀ ಆ ಸೀಟಿನಲ್ಲಿ ಕೂರುವವರಿಗೆ ಸ್ಕ್ಯಾನರಿಗೆ ಗೊತ್ತಿಲ್ಲದ್ದು ಗೊತ್ತಿರುತ್ತದೆ. ಕೋಡ್ ಓದುವುದಕ್ಕಿಂತ ಮುಂಚೆ ಅವರ ಹತ್ತಿರ ಹತ್ತು ನಿಮಿಷ ಮಾತಾಡುವುದು ಈ ಕೆಲಸದ ಮೊದಲ ಹೆಜ್ಜೆ ಆಗಬೇಕು ಅಂತ ನನ್ನ ಗಟ್ಟಿ ನಂಬಿಕೆ.

ಎಡಕ್ಕೆ ತಿರುಗಿದಾಗ ಯಂತ್ರದಲ್ಲಿ ಬದಲಾಗುವುದು ನಡುವಿನ ಜಾಯಿಂಟ್. ಅದರ ಮೂಲಕ ಸ್ಟೀರಿಂಗ್ ಹೋಸ್, ಬ್ರೇಕ್ ಪೈಪ್, ಬಕೆಟ್‌ನ ಹೈಡ್ರಾಲಿಕ್ ಹೋಸ್‌ಗಳು, ಅವುಗಳ ನಡುವೆ ಒಂದು ಹಾರ್ನೆಸ್ (ಕೊಳವೆಯೊಳಗಿನ ವೈರ್‌ಗಳ ಕಟ್ಟು) ಮುಂದಕ್ಕೆ ಹೋಗುತ್ತದೆ. ಮುಂದಿನ ವಾಲ್ವ್ ಕಂಟ್ರೋಲರಿಗೆ ಹೋಗುವ ಕ್ಯಾನ್ ಲೈನ್ ಅದರಲ್ಲೇ ಇದೆ. ಲೈನಿನ ಒಂದು ತುದಿಯ ಟರ್ಮಿನೇಟರ್ ಕೂಡ ಮುಂದಿನ ಫ್ರೇಮ್‌ನಲ್ಲೇ.

ಎಡಕ್ಕೆ ಬಾಗಿದ ಸ್ಥಿತಿಯಲ್ಲೇ ಅಳೆಯುವುದು

ಇಲ್ಲಿ ಜೀವದ ಪ್ರಶ್ನೆ ಇದೆ. ಎಂಜಿನ್ ಓಡುತ್ತಿರುವಾಗ ನಡುವಿನ ಜಾಯಿಂಟ್ ಹತ್ತಿರ ಯಾರೂ ಇರಬಾರದು, ಕೈ ಹಾಕುವ ಮಾತಂತೂ ಬೇಡ. ಎರಡು ಫ್ರೇಮ್ ಮುಚ್ಚಿಕೊಂಡರೆ ನಡುವೆ ಮನುಷ್ಯ ಉಳಿಯುವುದಿಲ್ಲ. ಯಂತ್ರಕ್ಕೆ ಬರುವ ಲಾಕ್ ಬಾರ್ ಕೂಡ ನೆಟ್ಟಗಿದ್ದಾಗ ಮಾತ್ರ ಕೂರುತ್ತದೆ, ಬಾಗಿದಾಗ ಹಾಕಲು ಆಗುವುದಿಲ್ಲ. ಹಾಗಾಗಿ ಆಪರೇಟರ್ ಪೂರ್ತಿ ಎಡಕ್ಕೆ ತಿರುಗಿಸಿ, ಬಕೆಟ್ ನೆಲಕ್ಕೆ ಇಳಿಸಿ, ಪಾರ್ಕಿಂಗ್ ಬ್ರೇಕ್ ಹಾಕಿ, ಎಂಜಿನ್ ನಿಲ್ಲಿಸಿ ಕೆಳಗೆ ಇಳಿದರು. ಕೀ ನನ್ನ ಜೇಬಿಗೆ. ಐಸೊಲೇಟರ್ ಆಫ್. ಚಕ್ರಕ್ಕೆ ಅಡ್ಡ ಕಟ್ಟೆ. ಆಮೇಲೆ ಕ್ಯಾಬಿನ್ ಹತ್ತಿ ಮೀಟರ್ ಹಿಡಿದೆ.

ಹೈ-ಲೋ ನಡುವೆ: 60 ಓಮ್. ಚೊಕ್ಕವಾಗಿ 60.

ಎಷ್ಟೋ ಕಡೆ ಈ ಅಂಕೆ ನೋಡಿ "ಲೈನ್ ಸರಿ ಇದೆ" ಅಂತ ಬರೆದುಬಿಡುತ್ತಾರೆ. ಆದರೆ ಈ 60 ಹೇಳುವುದು ಎರಡೇ ವಿಷಯ: ಎರಡು ವೈರ್ ಎರಡು ತುದಿವರೆಗೂ ಮುಟ್ಟಿವೆ, ಒಂದಕ್ಕೊಂದು ತಾಗಿಲ್ಲ. ಅವು ಯಂತ್ರದ ಬಾಡಿಗೆ ತಾಗಿವೆಯಾ ಅನ್ನುವುದನ್ನು ಅದು ಹೇಳುವುದೇ ಇಲ್ಲ. ಅದಕ್ಕೆ ಪ್ರತಿ ವೈರನ್ನೂ ಬಾಡಿಯ ಜೊತೆ ಬೇರೆಯಾಗಿ ಅಳೆಯಬೇಕು.

ಹಳದಿ ವೈರ್‌ನಿಂದ ಬಾಡಿಗೆ: 3 ಓಮ್.
ಹಸಿರು ವೈರ್‌ನಿಂದ ಬಾಡಿಗೆ: 63 ಓಮ್.

ಈ ಎರಡು ಅಂಕೆ ಪಕ್ಕಪಕ್ಕ ಇಟ್ಟು ನೋಡಿ. ವ್ಯತ್ಯಾಸ ಸರಿಯಾಗಿ 60. ಅಂದರೆ ಹಸಿರು ವೈರ್ ನೇರವಾಗಿ ಬಾಡಿಗೆ ತಾಗಿಲ್ಲ. ಅದು ಟರ್ಮಿನೇಟರ್‌ಗಳ ಮೂಲಕ ಹಳದಿಗೆ ಹೋಗಿ, ಅಲ್ಲಿಂದ ಬಾಡಿಗೆ ಇಳಿಯುತ್ತಿದೆ. ಬಾಡಿಗೆ ತಾಗಿರುವುದು ಹಳದಿ. ಒಂದು ಸ್ಕ್ರೂ ಕೂಡ ಬಿಚ್ಚದೆ ಯಾವ ವೈರ್ ಅನ್ನುವುದು ಗೊತ್ತಾಯಿತು. ಯಂತ್ರ ನೆಟ್ಟಗೆ ಮಾಡಿಸಿ ಅದೇ ಕ್ರಮದಲ್ಲಿ ಎಲ್ಲ ಆಫ್ ಮಾಡಿ ಅಳೆದರೆ ಎರಡೂ ವೈರ್ ಬಾಡಿಗೆ ಕಿಲೋ ಓಮ್‌ಗಳಲ್ಲಿ ತೋರಿಸಿದವು. ಕಂಟ್ರೋಲರ್‌ಗಳು ಸೇರಿರುವಾಗ ಅಷ್ಟು ಬರುವುದು ಸಹಜ.

ಹೈ ವೈರ್ ಬಾಡಿಗೆ ತಾಗಿದರೆ ಇಡೀ ಲೈನ್ ಯಾಕೆ ಸಾಯುತ್ತದೆ? ಮಾತಾಡುವ ಕಂಟ್ರೋಲರ್ ಹೈ ವೈರನ್ನು ಮೇಲೆ ಎಳೆಯಲು ನೋಡುತ್ತದೆ, ಅದು ಏಳುವುದಿಲ್ಲ. ಕ್ಯಾನ್ ಕಂಟ್ರೋಲರ್ ತಾನು ಕಳಿಸಿದ ಪ್ರತಿ ಬಿಟ್ಟನ್ನೂ ತಾನೇ ಓದಿ ನೋಡುತ್ತದೆ. ಕಳಿಸಿದ್ದು ಒಂದು, ಓದಿದ್ದು ಇನ್ನೊಂದು ಆದರೆ ತಪ್ಪಿನ ಎಣಿಕೆಗೆ 8 ಸೇರಿಸುತ್ತದೆ. ಎಣಿಕೆ 127 ದಾಟಿದರೆ ದನಿ ತಗ್ಗಿಸಬೇಕು, 255 ದಾಟಿದರೆ ಲೈನ್ ಬಿಟ್ಟು ಹೊರಗೆ ಹೋಗಬೇಕು. ಇದಕ್ಕೆ ಬಸ್ ಆಫ್ ಅನ್ನುತ್ತಾರೆ. ಸತತ 32 ತಪ್ಪಿಗೆ 256 ಆಗುತ್ತದೆ. ಒಂದು ಬಿಟ್ಟಿಗೆ 4 ಮೈಕ್ರೋಸೆಕೆಂಡಾದ ಈ ವೇಗದಲ್ಲಿ ಅದಕ್ಕೆ ಕೆಲವು ಮಿಲಿಸೆಕೆಂಡು ಸಾಕು. ವೈರ್ ಕಣ್ಣು ಮಿಟುಕಿಸುವಷ್ಟು ಹೊತ್ತು ತಾಗಿದರೂ ಮುಳ್ಳುಗಳು ಒಂದೆರಡು ಸೆಕೆಂಡು ಬಿದ್ದೇ ಇರುತ್ತಿದ್ದದ್ದು ಇದಕ್ಕೇ. ಹೊರಗೆ ಹೋದ ಕಂಟ್ರೋಲರ್ ಮತ್ತೆ ಸೇರಿಕೊಳ್ಳಲು ಹೊತ್ತು ಬೇಕು.

ಎಂಜಿನ್ ಐಡಲ್‌ಗೆ ಇಳಿಯುವುದೂ ಈಗ ಅರ್ಥವಾಗುತ್ತದೆ. ಈ ಯಂತ್ರದಲ್ಲಿ ಪೆಡಲ್ ವೈರ್ ಹೋಗುವುದು ಯಂತ್ರದ ಕಂಟ್ರೋಲರಿಗೆ. ಅಲ್ಲಿಂದ ಎಂಜಿನ್ನಿಗೆ "ಇಷ್ಟು ಆರ್‌ಪಿಎಂ ಕೊಡು" ಅನ್ನುವ ಆದೇಶ ಇದೇ ಕ್ಯಾನ್ ಲೈನಿನಲ್ಲಿ 10 ಮಿಲಿಸೆಕೆಂಡಿಗೊಮ್ಮೆ ಹೋಗುತ್ತದೆ. ಆದೇಶ ನಿಂತರೆ ಎಂಜಿನ್ ಐಡಲ್‌ಗೆ ಬರುವುದು ಸರಿಯಾದ ನಡವಳಿಕೆ. ಗೇರ್‌ಬಾಕ್ಸ್ ನ್ಯೂಟ್ರಲ್‌ಗೆ ಹೋಗುವುದೂ ಹಾಗೇ. ಕಂಟ್ರೋಲರ್‌ಗಳು ತಮಗೆ ಹೇಳಿಕೊಟ್ಟದ್ದನ್ನೇ ಮಾಡುತ್ತಿದ್ದವು.

ಜಾಗ ಹಿಡಿಯುವುದು

ಮತ್ತೆ ಪೂರ್ತಿ ಎಡಕ್ಕೆ ತಿರುಗಿಸಿ, ಎಲ್ಲ ಆಫ್ ಮಾಡಿ, ಜಾಯಿಂಟಿನ ಹಿಂಬದಿಯ ಕನೆಕ್ಟರ್ ಬಿಚ್ಚಿದೆ. ಹಿಂದಿನ ಅರ್ಧದಲ್ಲಿ ಹೈ-ಲೋ 120, ಬಾಡಿಗೆ ಕಿಲೋ ಓಮ್. ಆ ಕಡೆ ಶುದ್ಧ. ಮುಂದಿನ ಅರ್ಧದಲ್ಲಿ ಹೈ-ಲೋ 120, ಹಳದಿಯಿಂದ ಬಾಡಿಗೆ ಇನ್ನೂ 3. ಮುಂದಿನ ವಾಲ್ವ್ ಕಂಟ್ರೋಲರ್ ಪ್ಲಗ್ ತೆಗೆದೆ. ಆಗಲೂ 3. ಕಂಟ್ರೋಲರ್ ನಿರಪರಾಧಿ. ಉಳಿದದ್ದು ಜಾಯಿಂಟ್ ದಾಟುವ ಆ ಸಣ್ಣ ಉದ್ದದ ಹಾರ್ನೆಸ್ ಮಾತ್ರ.

ಮೇಲಿನಿಂದ ನೋಡಿದರೆ ಹಾರ್ನೆಸ್ಸಿನ ಕಪ್ಪು ಕೊಳವೆ ಹೊಸದರಂತೆ ಇತ್ತು. ಒಣಗಿದ ಕೆಸರು ಕೆರೆದು, ಸಣ್ಣ ಕನ್ನಡಿ ಹಿಡಿದು ಕೆಳಭಾಗ ನೋಡಿದೆ. ಕೊಳವೆ ಒಂದು ಬೆರಳಿನ ಉದ್ದಕ್ಕೆ ಸೀಳಿಹೋಗಿತ್ತು. ಒಳಗೆ ಹಳದಿ ವೈರ್, ಅದರ ಒಂದೇ ಬದಿಯಲ್ಲಿ ಅಕ್ಕಿ ಕಾಳಿನಷ್ಟು ಜಾಗದಲ್ಲಿ ತಾಮ್ರ ಹೊಳೆಯುತ್ತಿತ್ತು. ಎದುರಿಗೆ ಹೋಸ್ ಹಿಡಿಯುವ ಪಟ್ಟಿಯ ಚೂಪು ಅಂಚು. ಅಲ್ಲಿಯೂ ಬಣ್ಣ ಹೋಗಿ ಅದೇ ಅಗಲದ ಹೊಳಪು. ಹೊಳೆಯುವ ತಾಮ್ರ ಅಂದರೆ ಸವೆತ ಇನ್ನೂ ನಡೆಯುತ್ತಿದೆ ಅಂತ. ಹಳೇ ಗಾಯವಾದರೆ ಕಪ್ಪೋ ಹಸಿರೋ ಆಗಿರುತ್ತದೆ.

ಕಾರಣವೂ ಪಕ್ಕದಲ್ಲೇ ಇತ್ತು. ಒಂದು ಸ್ಟೀರಿಂಗ್ ಹೋಸ್ ಬೇರೆಯವುಗಳಿಗಿಂತ ಹೊಸದು. ಅದನ್ನು ಬದಲಿಸಿದವರು ಹಾರ್ನೆಸ್ಸನ್ನು ಅದರ ಮೂಲ ಕ್ಲ್ಯಾಂಪಿಗೆ ವಾಪಸ್ ಹಾಕದೆ, ಹೊಸ ಹೋಸ್‌ಗೇ ಕೇಬಲ್ ಟೈ ಹಾಕಿ ಬಿಗಿದಿದ್ದರು. ಹೋಸ್ ಪ್ರತಿ ತಿರುವಿಗೂ ಚಲಿಸುತ್ತದೆ, ಒತ್ತಡ ಬಂದಾಗ ಜಿಗಿಯುತ್ತದೆ. ಎಡಕ್ಕೆ ತಿರುಗಿದಾಗ ಹಾರ್ನೆಸ್ಸನ್ನು ಎಳೆದು ಪಟ್ಟಿಯ ಅಂಚಿಗೆ ಒತ್ತುತ್ತಿತ್ತು. ವೈರನ್ನು ಹೈಡ್ರಾಲಿಕ್ ಹೋಸ್‌ಗೆ ಕಟ್ಟಬಾರದು. ಈ ಒಂದು ನಿಯಮ ಪಾಲಿಸಿದರೆ ಭಾರಿ ಯಂತ್ರಗಳ ಎಷ್ಟೋ ವೈರಿಂಗ್ ದೋಷ ಹುಟ್ಟುವುದೇ ಇಲ್ಲ.

ರಿಪೇರಿ

ಟೇಪ್ ಸುತ್ತಿ ಬಿಡುವುದು ನನಗೆ ಒಪ್ಪಿಗೆ ಇರಲಿಲ್ಲ. ತಾಮ್ರದ ಎಳೆಗಳಲ್ಲಿ ಕೆಲವು ಕಟ್ಟಾಗಿದ್ದವು, ಹಸಿರು ವೈರ್‌ನ ಕವಚವೂ ಸವೆಯಲು ಶುರುವಾಗಿತ್ತು. ಬಾಗುವ ಜಾಗದಲ್ಲಿ ವೈರ್ ಜೋಡಣೆ ಇದ್ದರೆ ಅದು ಮುಂದಿನ ದೋಷ. ಹಾಗಾಗಿ ಬಾಗುವ ಭಾಗ ಪೂರ್ತಿ ದಾಟುವಷ್ಟು ಹೊಸ ಜೆ1939 ಕೇಬಲ್ ಹಾಕಿದೆ. ಜೋಡಣೆಗಳು ಎರಡೂ ಕಡೆ ಅಲುಗಾಡದ ಜಾಗಕ್ಕೆ ಬಂದವು. ಬೆಸುಗೆ ಹಾಕಲಿಲ್ಲ. ಬೆಸುಗೆಯ ಸೀಸ ಎಳೆಗಳೊಳಗೆ ಹರಿದು ವೈರ್ ಗಡುಸಾಗುತ್ತದೆ, ಅದು ಮುಗಿಯುವಲ್ಲಿ ಕಂಪನಕ್ಕೆ ಮುರಿಯುತ್ತದೆ. ಕ್ರಿಂಪ್ ಮಾಡಿ, ಒಳಗೆ ಅಂಟು ಇರುವ ಹೀಟ್ ಶ್ರಿಂಕ್ ಹಾಕಿದೆ. ಎರಡು ವೈರ್‌ಗಳ ಜೋಡಣೆ ಅಕ್ಕಪಕ್ಕ ಬರದಂತೆ ಹಿಂದೆ ಮುಂದೆ ಮಾಡಿದೆ. ಹೆಣಿಗೆ ಬಿಚ್ಚಿದ್ದು ಆದಷ್ಟು ಕಡಿಮೆ. ಹೊರಗಿನ ಗದ್ದಲ ಎರಡೂ ವೈರ್ ಮೇಲೆ ಸಮವಾಗಿ ಬಿದ್ದು ಕಳೆದುಹೋಗುವುದು ಆ ಹೆಣಿಗೆಯಿಂದಲೇ.

ಪಟ್ಟಿಯ ಅಂಚನ್ನು ಅರದಿಂದ ಉಜ್ಜಿ ದುಂಡಗೆ ಮಾಡಿ, ರಬ್ಬರ್ ಅಂಚು ಕೂರಿಸಿದೆ. ಪಟ್ಟಿ ಬೇರೆ ಕಡೆಗೆ ವೆಲ್ಡ್ ಮಾಡೋಣ ಅಂತ ಮಾತು ಬಂತು, ಬೇಡ ಅಂದೆ. ವೆಲ್ಡ್ ಮಾಡಲೇಬೇಕಾದರೆ ಬ್ಯಾಟರಿ ಕಳಚಿ, ಕಂಟ್ರೋಲರ್‌ಗಳ ಪ್ಲಗ್ ತೆಗೆದು, ವೆಲ್ಡಿಂಗ್ ಅರ್ತನ್ನು ಕೆಲಸದ ಪಕ್ಕದಲ್ಲೇ ಕಚ್ಚಿಸಬೇಕು. ಇಲ್ಲಿ ಅಷ್ಟರ ಅಗತ್ಯವೇ ಇರಲಿಲ್ಲ. ಹಾರ್ನೆಸ್ಸನ್ನು ಮೂಲ ಜಾಗಕ್ಕೆ ತಂದು ರಬ್ಬರ್ ಒಳಪದರದ ಕ್ಲ್ಯಾಂಪ್‌ನಲ್ಲಿ ಹಿಡಿಸಿದೆ. ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ ನಿಲ್ಲಿಸಿ, ಎರಡೂ ತುದಿಯಲ್ಲಿ ವೈರ್ ಬಿಗಿಯಾಗುವುದಿಲ್ಲ, ಜೋತು ಬಿದ್ದು ಸಿಕ್ಕಿಕೊಳ್ಳುವುದೂ ಇಲ್ಲ ಅಂತ ನೋಡಿದ ಮೇಲೇ ಕೊನೆಯ ಕ್ಲ್ಯಾಂಪ್ ಬಿಗಿ ಮಾಡಿದ್ದು.

ಓಡಿಸಿ ನೋಡಿದ್ದು

ನೆಟ್ಟಗೆ, ಪೂರ್ತಿ ಎಡ, ಪೂರ್ತಿ ಬಲ, ಮೂರರಲ್ಲೂ ಹೈ-ಲೋ 60, ಎರಡೂ ವೈರ್ ಬಾಡಿಗೆ ಕಿಲೋ ಓಮ್. ಆಮೇಲೆ ಲ್ಯಾಪ್‌ಟಾಪಿಗೆ ಕ್ಯಾನ್ ಅಡಾಪ್ಟರ್ ಹಾಕಿ, ಬರೀ ಕೇಳಿಸಿಕೊಳ್ಳುವ ಮೋಡ್‌ನಲ್ಲಿ ಇಟ್ಟೆ. ಈ ಮೋಡ್ ಮುಖ್ಯ. ವೇಗ ತಪ್ಪಾಗಿ ಹೊಂದಿಸಿದ ಅಡಾಪ್ಟರ್ ಮಾಮೂಲಿ ಮೋಡ್‌ನಲ್ಲಿದ್ದರೆ ಪ್ರತಿ ಸಂದೇಶಕ್ಕೂ ತಪ್ಪು ಅಂತ ಕೂಗಿ, ಇರುವ ಲೈನನ್ನೂ ಕೆಡಿಸುತ್ತದೆ. ಓಡುತ್ತಿರುವ ಯಂತ್ರದಲ್ಲಿ ಅದು ಅಪಾಯ.

ಹಳೇ ಕೋಡ್ ಅಳಿಸಿ, ಆಪರೇಟರ್ ಗುಡ್ಡೆಯಿಂದ ತುಂಬಿಸಿ ಎಡಗಡೆ ನಿಂತ ಲಾರಿಗೆ ಸುರಿಯುವ ಮಾಮೂಲಿ ಕೆಲಸ ಶುರುಮಾಡಿದರು. ಎಂಜಿನ್ ಮತ್ತು ಎಣ್ಣೆ ಚೆನ್ನಾಗಿ ಬಿಸಿಯಾಗುವವರೆಗೆ ನಿಲ್ಲಿಸಲಿಲ್ಲ. ಬಿಸಿ ಹೋಸ್ ತಣ್ಣಗಿನ ಹೋಸ್‌ಗಿಂತ ಬೇರೆ ಥರ ಬಾಗುತ್ತದೆ. ಎಂಜಿನ್ ವೇಗದ ಸಂದೇಶ ಒಮ್ಮೆಯೂ ತಪ್ಪಲಿಲ್ಲ. ತಪ್ಪಿನ ಸಂದೇಶ ಒಂದೂ ದಾಖಲಾಗಲಿಲ್ಲ. ಮುಳ್ಳುಗಳು ಅಲುಗಲಿಲ್ಲ.

ಉಳಿದದ್ದು ಟ್ರ್ಯಾಕರ್. ಮಾಲೀಕರಿಗೆ ಅದು ಬೇಕಿತ್ತು. ಒಳಗಿನ ಟರ್ಮಿನೇಟರ್ ಆಫ್ ಮಾಡುವ ಜಂಪರ್ ಪೆಟ್ಟಿಗೆಯಲ್ಲೇ ಇತ್ತು, ಅದನ್ನು ತೆಗೆದೆ. ಚಿಟಿಕೆ ಜಾಯಿಂಟ್ ಕಿತ್ತು, ಒತ್ತಿದ ಜಾಗದ ವೈರ್ ಸರಿಮಾಡಿ, ಕನೆಕ್ಟರ್ ಇರುವ ಕವಲು ಹಾಕಿ, ಕವಲಿನ ಉದ್ದ 1 ಮೀಟರಿಗಿಂತ ಕಡಿಮೆ ಇಟ್ಟೆ. ಟ್ರ್ಯಾಕರ್ ಸೇರಿಸಿದ ಮೇಲೂ ಮೀಟರ್ 60ರಲ್ಲೇ ನಿಂತಿತು. ನೆಟ್ಟಗೆ, ಎಡ, ಬಲ ಮೂರೂ ಸ್ಥಿತಿಯ ಅಂಕೆಗಳನ್ನು ಯಂತ್ರದ ಸರ್ವಿಸ್ ಪುಸ್ತಕದಲ್ಲಿ ಬರೆದು, ಹೋಸ್ ಬದಲಿಸುವವರು ಹಾರ್ನೆಸ್ ಕ್ಲ್ಯಾಂಪ್ ಮುಟ್ಟಿದರೆ ಮತ್ತೆ ಅಲ್ಲೇ ಹಾಕಬೇಕು ಅಂತ ಕೆಳಗೆ ಸೇರಿಸಿ, ಕೀ ಆಪರೇಟರ್ ಕೈಗೆ ಕೊಟ್ಟೆ.